ಶಾರ್ತ್ರ್‌ಗೆ ಹೋದ್ರೆ ಸಂಜೆ ತನಕ ಇರಿ ಮಾರಾಯ್ರೆ

ಪ್ಯಾರಿಸ್‌ಗೆ ಬರೋ ನಮ್ಮೋರ ಟೂರ್ ಪ್ಲಾನ್‌ಗಳನ್ನ ನೋಡಿ ನೋಡಿ ಸಾಕಾಗಿ ಬರೀತಿದೀನಿ. ಶಾರ್ತ್ರ್ ಅಂದ್ರೆ ಪ್ಯಾರಿಸ್ ಹತ್ರದ ಊರು, ಅಲ್ಲಿನ ಹಳೇ ಕೆಥೆಡ್ರಲ್ (ದೊಡ್ಡ ಚರ್ಚ್) ನೋಡೋಕೆ ಜನ ಹೋಗ್ತಾರೆ. ಎಲ್ರದ್ದೂ ಒಂದೇ ಕಥೆ, ಬೆಳಗ್ಗೆ ಟ್ರೈನ್ ಹತ್ತೋದು, ಕೆಥೆಡ್ರಲ್ ಮುಂದೆ ಫೋಟೋ ಹೊಡ್ಕೊಳ್ಳೋದು, ಊಟದ ಹೊತ್ತಿಗೆ ಪ್ಯಾರಿಸ್‌ಗೆ ವಾಪಸ್. ಇದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಪ್ಯಾರಿಸ್ಸಿನ ಮೊಂಪರ್ನಾಸ್ ಸ್ಟೇಷನ್ನಿಂದ ಸುಮಾರು 90 ಕಿ.ಮೀ., ಒಂದು ಗಂಟೆ ಚಿಲ್ಲರೆ ದಾರಿ, ಮಧ್ಯಾಹ್ನ ಆರಾಮಾಗಿ ಹೊರಟ್ರೂ ಏನೂ ತಪ್ಪಿ ಹೋಗಲ್ಲ.

ಸುತ್ತ ಬರೀ ಗೋಧಿ ಹೊಲ, ಬೋಸ್ ಬಯಲು ಅಂತಾರೆ, ಹಾಗಾಗಿ ಊರು ಕಾಣೋಕೆ ಮುಂಚೇನೇ ಕೆಥೆಡ್ರಲ್ಲಿನ ಎರಡು ಗೋಪುರ ಕಾಣುತ್ತೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧಾನೇ ಇಲ್ಲ. ದಕ್ಷಿಣದ್ದು 12ನೇ ಶತಮಾನದ್ದು, ಸಾದಾ ಸೀದಾ, ನೂರು ಮೀಟರ್‌ಗೂ ಜಾಸ್ತಿ. ಉತ್ತರದ್ದರ ಮರದ ತುದಿ 1506ರಲ್ಲಿ ಸಿಡಿಲು ಬಡಿದು ಸುಟ್ಟು ಹೋಯ್ತು, ಜೆಹಾನ್ ದ ಬೋಸ್ ಅನ್ನೋನು ಅದನ್ನ ಕಲ್ಲಲ್ಲಿ ಕಟ್ದ, ತನ್ನ ಕಾಲದ ಫ್ಯಾಷನ್‌ಗೆ ತಕ್ಕ ಹಾಗೆ ಮೈತುಂಬ ಕುಸುರಿ. ಹಳೇದಕ್ಕೆ ಮ್ಯಾಚ್ ಆಗ್ಬೇಕು ಅಂತ ಯಾರೂ ಹಠ ಹಿಡೀಲಿಲ್ವಲ್ಲ, ಅದು ನನಗೆ ಭಾಳ ಇಷ್ಟ ಆಯ್ತು.

ಸಂಜೆನೇ ಯಾಕೆ ಅಂದ್ರೆ, ಕೆಥೆಡ್ರಲ್‌ನ ಮುಂಬಾಗಿಲು ಪಶ್ಚಿಮಕ್ಕಿದೆ. ಆ ಬಾಗಿಲ ಮೇಲಿನ ಮೂರು ಉದ್ದನೆ ಬಣ್ಣದ ಗಾಜಿನ ಕಿಟಕಿ 1150ರ ಆಸುಪಾಸಿನವು, 1194ರ ಬೆಂಕೀಲಿ ಹಳೇ ಚರ್ಚ್ ಹೆಚ್ಚುಕಮ್ಮಿ ಪೂರ್ತಿ ಹೋದ್ರೂ ಇವು ಉಳ್ಕೊಂಡ್ವು. ಬೆಳಗ್ಗೆ ಹೋದ್ರೆ ಸೂರ್ಯ ಆಚೆ ಕಡೆ ಇರ್ತಾನೆ, ಇವು ಸುಮ್ನೆ ಮಂಕಾಗಿರ್ತವೆ. ಇಳಿಬಿಸಿಲು ನೇರ ಬಿದ್ದಾಗ ನೋಡ್ಬೇಕು ಆ ನೀಲಿನ, ಪುಸ್ತಕದ ಫೋಟೋದಲ್ಲೆಲ್ಲ ಅದು ಬರಲ್ಲ ಬಿಡಿ. ಹೊರಗಿಂದ ನೋಡಿದ್ರೆ ಅದೇ ಕಿಟಕಿ ಮಸಿ ಹಿಡಿದ ತಗಡಿನ ಹಾಗೆ ಕಾಣುತ್ತೆ. 1939ರಲ್ಲಿ ಯುದ್ಧ ಬರುತ್ತೆ ಅಂತ ಇಲ್ಲಿನ ಗಾಜನ್ನೆಲ್ಲ ಬಿಚ್ಚಿ ಪೆಟ್ಟಿಗೇಲಿಟ್ಟು ಸಾಗಿಸಿದ್ರು, ಇಡೀ ಕೆಥೆಡ್ರಲ್‌ದು ಸೇರಿದ್ರೆ ಎರಡೂವರೆ ಸಾವಿರ ಚದರ ಮೀಟರ್ ಮೇಲಿದೆ, ಯೋಚ್ನೆ ಮಾಡಿ. 1944ರ ಆಗಸ್ಟಲ್ಲಿ ಗೋಪುರದಲ್ಲಿ ಜರ್ಮನ್ನರು ಅಡಗಿದಾರೆ ಅನ್ನೋ ಅನುಮಾನಕ್ಕೆ ಅಮೆರಿಕದ ಸೇನೆ ಕೆಥೆಡ್ರಲ್ ಮೇಲೇ ಗುಂಡು ಹಾಕೋದ್ರಲ್ಲಿತ್ತು. ಕರ್ನಲ್ ವೆಲ್ಬರ್ನ್ ಗ್ರಿಫಿತ್ ಅನ್ನೋರು ತಾವೇ ಒಳಗೆ ಹೋಗಿ ನೋಡಿ ಯಾರೂ ಇಲ್ಲ ಅಂದ್ರು, ಕಟ್ಟಡ ಉಳೀತು. ಅವರು ಮಾತ್ರ ಅವತ್ತೇ ಪಕ್ಕದ ಲೆವ್ ಅನ್ನೋ ಊರಲ್ಲಿ ಗುಂಡಿಗೆ ಬಲಿಯಾದ್ರು.

ಮೇಲೆ ನೋಡಿ ಕತ್ತು ನೋವು ಬಂದ್ರೆ ಕಿಟಕಿಗಳ ಕೆಳಗಿನ ಸಾಲು ನೋಡಿ. ಸಂತರ ಕಥೆಗಳೆಲ್ಲ ಮೇಲೆ, ಕೆಳಗೆ ಬ್ರೆಡ್ ಮಾಡೋರು, ಚಪ್ಪಲಿ ಹೊಲಿಯೋರು, ದುಡ್ಡು ಬದಲಾಯಿಸಿ ಕೊಡೋರು. ಒಂದರಲ್ಲಿ ತುಪ್ಪಳದ ವ್ಯಾಪಾರಿ ನಿಲುವಂಗಿನ ಬಿಡಿಸಿ ಹಿಡಿದು ಗಿರಾಕಿಗೆ ಒಳಗಿನ ತುಪ್ಪಳ ತೋರಿಸ್ತಿದಾನೆ, ಥೇಟ್ ಚಿಕ್ಕಪೇಟೆ ಸೀರೆ ಅಂಗಡೀಲಿ ಸೆರಗು ಬಿಡಿಸಿ ತೋರಿಸೋ ಹಾಗೆ! ನಾನು ಅಲ್ಲೇ ನಿಂತು ಜೋರಾಗಿ ನಕ್ಕುಬಿಟ್ಟೆ, ಪಕ್ಕದಲ್ಲಿ ಪ್ರಾರ್ಥನೆ ಮಾಡ್ತಿದ್ದ ಅಜ್ಜಿ ತಿರುಗಿ ನೋಡಿದ್ರು.

ಗೋಡೆ ತೊಳೆದಿದ್ದರ ಬಗ್ಗೆ ದೊಡ್ಡ ಜಗಳಾನೇ ಆಗಿದೆ, 2009ರಿಂದ ಒಳಗಡೆ ಕ್ಲೀನ್ ಮಾಡ್ತಾ ಬಂದ್ರು, ಮಸಿ ಹೋಗಿ ಕೆನೆ ಬಣ್ಣದ ಗೋಡೆ ಬಂತು, ಹಳೇ ಗಾಂಭೀರ್ಯ ಹೋಯ್ತು ಅಂತ ತುಂಬ ಜನ ಬೈದ್ರು. ನನ್ನ ಪ್ರಕಾರ ಗೋಡೆ ವಿಷಯದಲ್ಲಿ ಮಾಡಿದ್ದು ಸರಿ, ಅದು ಮೇಣದಬತ್ತಿ ಹೊಗೆ, ಅದರಡಿ ಇದ್ದಿದ್ದು 13ನೇ ಶತಮಾನದ ಬಣ್ಣ. ಆದ್ರೆ ಕಂಬದ ಮೇಲಿನ ಕಪ್ಪು ಮೇರಿ ಮಾತೆ ಮೂರ್ತೀನ ಬೆಳ್ಳಗೆ ಮಾಡಿದ್ದು ನನಗೆ ಒಪ್ಪಿಗೆ ಇಲ್ಲ. ಮೂಲ ಬಣ್ಣ ಏನಾದ್ರೂ ಇರ್ಲಿ ಸ್ವಾಮಿ, ಜನ ಕೈಮುಗೀತಿದ್ದಿದ್ದು ಕಪ್ಪು ಮಾತೆಗೆ.

ಆಮೇಲೆ ಕೆಳಗಿನ ಪೇಟೆಗೆ ಇಳೀರಿ. ಊರ್ ನದಿ (ಹೆಸರೇ ಹಾಗೆ, ನಾನೇನೂ ತಮಾಷೆ ಮಾಡ್ತಿಲ್ಲ), ಪುಟ್ಟ ಪುಟ್ಟ ಕಲ್ಲಿನ ಸೇತುವೆಗಳು, ಚರ್ಮ ಹದ ಮಾಡ್ತಿದ್ದೋರ ಬೀದಿ, ನೀರಿಗೆ ಬಾಗಿಕೊಂಡಿರೋ ಬಟ್ಟೆ ಒಗೆಯೋ ಕಟ್ಟೆಗಳು. ಟೂರಿಸ್ಟ್ ಬಸ್ಸೆಲ್ಲ ಹೋಗಿರುತ್ತೆ, ಊರಿನೋರು ನಾಯಿ ಹಿಡ್ಕೊಂಡು ಓಡಾಡ್ತಿರ್ತಾರೆ. ಹಸಿವಾದ್ರೆ ಮಾತ್ರ ಕಷ್ಟ, ಏಳು ಗಂಟೆಗೆ ಮುಂಚೆ ಊಟ ಕೇಳಿದ್ರೆ ಹೋಟೆಲ್‌ನೋರು ವಿಚಿತ್ರವಾಗಿ ನೋಡ್ತಾರೆ, ಬ್ಯಾಗಲ್ಲಿ ಚಕ್ಕುಲಿ ಇರ್ಲಿ.

ಕತ್ತಲಾದ ಮೇಲೆ ಲೈಟ್ ಶೋ, 2003ರಿಂದ ನಡೀತಿದೆ, ವಸಂತದಿಂದ ಚಳಿ ಶುರುವಾಗೋ ತನಕ, ಟಿಕೆಟ್ ಇಲ್ಲ. ಬಾಗಿಲ ಶಿಲ್ಪಗಳ ಮೇಲೆ ಬಣ್ಣ ಬಿಟ್ಟಿದ್ದು ನೋಡಿ ಇದೇನು ಜಾತ್ರೆ ಅನ್ನಿಸ್ಬಹುದು, ಆದ್ರೆ ಮೊದಲು ಆ ಶಿಲ್ಪಗಳಿಗೆ ನಿಜವಾಗ್ಲೂ ಬಣ್ಣ ಇತ್ತು, ಹಾಗಾಗಿ ನಂದೇನೂ ತಕರಾರಿಲ್ಲ. ಮುಂಭಾಗದ ದೊಡ್ಡ ಶೋ, ಅದರ ಮ್ಯೂಸಿಕ್ಕು ಮಾತ್ರ ಸ್ವಲ್ಪ ಅತಿಯಾಯ್ತು. ನದಿ ಕಡೆ ನಡೆಯೋ ಶೋನೇ ವಾಸಿ.

ಜೂನಲ್ಲಿ ಕತ್ತಲಾಗೋದೇ ಹತ್ತು ಗಂಟೆ ಮೇಲೆ, ಸೋ ರೂಮ್ ಮಾಡ್ಬಿಡಿ. ಸಾಧ್ಯ ಆದ್ರೆ ಶುಕ್ರವಾರ ಹೋಗಿ, ಬೇಸಿಗೆ ಕಾಲದಲ್ಲಿ ಅವತ್ತು ಹಗಲು ಕೆಥೆಡ್ರಲ್ ಒಳಗೆ ಕುರ್ಚಿಗಳನ್ನ ಸರಿಸಿ ನೆಲದ ಮೇಲಿನ ಚಕ್ರವ್ಯೂಹ ಬಿಟ್ಟಿರ್ತಾರೆ. ಹಳೇಬೀಡಿನ ಗೋಡೇಲಿ ಅಭಿಮನ್ಯುವಿನ ಚಕ್ರವ್ಯೂಹ ನೋಡಿದೀರಲ್ಲ, ಹೆಚ್ಚುಕಮ್ಮಿ ಅಂಥದ್ದೇ, ಸುಮಾರು 13 ಮೀಟರ್ ಅಗಲ, ಇಲ್ಲಿ ನಡೀಬಹುದು, ದಾರಿ ಒಂದೇ, ತಪ್ಪಿಸ್ಕೊಳ್ಳೋಕೆ ಚಾನ್ಸೇ ಇಲ್ಲ. ಮಾರನೇ ದಿನ ಪಿಕಾಸಿಯೆತ್ ಮನೆ ನೋಡ್ಕೊಂಡು ಬನ್ನಿ, ಸ್ಮಶಾನದಲ್ಲಿ ಕಸ ಗುಡಿಸ್ತಿದ್ದ ರೇಮೊ ಇಸಿದೋರ್ ಒಡೆದ ಪಿಂಗಾಣಿ ಚೂರು ಆಯ್ಕೊಂಡು ಬಂದು ಗೋಡೆ, ಅಂಗಳ, ಕುರ್ಚಿ ಒಂದನ್ನೂ ಬಿಡದೆ ಅಂಟಿಸಿದಾನೆ. ಹೋಗೋ ಮುಂಚೆ ತೆರೆದಿದ್ಯಾ ಅಂತ ಚೆಕ್ ಮಾಡ್ಕೊಳ್ಳಿ.