ನಿಮ್ಮ ಬ್ಯಾಗಿಗೂ ಒಂದು ಸೀಟು ಬೇಕಿತ್ತಾ?

ಬೆಳಿಗ್ಗೆ ಬೆಳಿಗ್ಗೆ ಒಂದು ರೀಲ್ಸ್ ನೋಡಿ ತಲೆ ಕೆಟ್ಟಿದೆ. ಪರಿಚಯದವರದ್ದೇ, ಹೆಸರು ಬೇಡ. ಫಿಲಿಪೈನ್ಸ್‌ನ ಮನಿಲಾಗೆ ಹೋಗಿದ್ದಾರೆ. ಸಂಜೆ ಆಫೀಸು ಬಿಡುವ ಹೊತ್ತಿಗೇ ಜೀಪ್ನಿ ಹತ್ತಿದ್ದಾರೆ. ಪಕ್ಕದಲ್ಲಿ ಮೂಟೆಯಂಥ ಬ್ಯಾಗು, ಕೈಯಲ್ಲಿ ಸೆಲ್ಫಿ ಸ್ಟಿಕ್ಕು. ಎದುರಿಗೆ ತೂಕಡಿಸುತ್ತಾ ಕೂತಿದ್ದ ಹೆಂಗಸಿನ ಮುಖಕ್ಕೇ ಕ್ಯಾಮೆರಾ ಹಿಡಿದು "ಇದೇ ನೋಡಿ ನಿಜವಾದ ಜನಜೀವನ" ಅಂತ ಕಾಮೆಂಟರಿ. ಆಕೆ ಕಣ್ಣು ಬಿಟ್ಟು, ಕ್ಯಾಮೆರಾ ನೋಡಿ, ಮುಖ ಆ ಕಡೆ ತಿರುಗಿಸಿಕೊಂಡರು. ಅದನ್ನೂ ಕತ್ತರಿಸದೆ ಹಾಕಿದ್ದಾರೆ ಪುಣ್ಯಾತ್ಮರು!

ಜೀಪ್ನಿ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ಬಿಟ್ಟುಹೋದ ಜೀಪುಗಳನ್ನು ಫಿಲಿಪೈನ್ಸ್‌ನವರು ಉದ್ದ ಮಾಡಿ, ಮೇಲೆ ಚಾವಣಿ ಹಾಕಿ, ಎರಡೂ ಬದಿಗೆ ಉದ್ದನೆಯ ಬೆಂಚು ಕೂರಿಸಿದರು. ಹತ್ತುವುದು ಹಿಂದಿನಿಂದ. ಕಂಡಕ್ಟರ್ ಸಾಮಾನ್ಯವಾಗಿ ಇರುವುದಿಲ್ಲ. ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಜನ ಹತ್ತಿಸುವವನು "ಸಿಯಾಮಾನ್" ಅನ್ನುತ್ತಾನೆ. ಅಂದರೆ ಒಂದೊಂದು ಬದಿಗೆ ಒಂಬತ್ತು ಜನ. ಎಂಟು ಜನಕ್ಕೇ ಬೆಂಚು ತುಂಬಿದ ಹಾಗೆ ಕಂಡರೂ ಅವನು ಬಿಡುವುದಿಲ್ಲ. ಎಲ್ಲರೂ ಸೊಂಟ ಚೂರು ಓರೆ ಮಾಡಿದರೆ ಒಂಬತ್ತನೆಯವರು ಅದು ಹೇಗೋ ಕೂರುತ್ತಾರೆ. ಅದೂ ಆಗದವರು ಹಿಂದೆ ಕಂಬಿ ಹಿಡಿದು ಜೋತಾಡುತ್ತಾರೆ. ಅಂಥ ಬೆಂಚಿನ ಮೇಲೆ ನಮ್ಮವರ ಬ್ಯಾಗು ಆರಾಮಾಗಿ ಕಾಲು ಚಾಚಿ ಕೂತಿದೆ.

ನನ್ನ ಸಿಟ್ಟು ಇಷ್ಟೇ. ಅದು ನಿಮ್ಮ 'ಅನುಭವ' ಅಲ್ಲ ಸ್ವಾಮಿ, ಇನ್ಯಾರೋ ಮನೆಗೆ ಹೋಗುವ ಗಾಡಿ.

"ಹಾಗಾದರೆ ಟೂರಿಸ್ಟುಗಳೆಲ್ಲ ಟ್ಯಾಕ್ಸಿಯಲ್ಲೇ ಓಡಾಡಬೇಕಾ? ಅವರೂ ದುಡ್ಡು ಕೊಟ್ಟೇ ಹತ್ತಿದ್ದಲ್ವಾ?" ಅಂತ ಕೇಳುವವರು ಇದ್ದೇ ಇರುತ್ತೀರಿ. ಹತ್ತಿ, ಬೇಡ ಅಂದವರು ಯಾರು? ಟ್ಯಾಕ್ಸಿಗೆ ದುಡ್ಡು ಬಿಚ್ಚುವ ಪೈಕಿ ನಾನೂ ಅಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಹತ್ತಿ, ಮಧ್ಯಾಹ್ನ ಎರಡಕ್ಕೆ ಹತ್ತಿ. ರಜೆಗೆ ಹೋದವರಿಗೆ ಸಂಜೆ ಆರಕ್ಕೇ ತಲುಪಬೇಕಾದ ಘನಕಾರ್ಯ ಏನಿರುತ್ತೆ? ಆದರೆ ಹನ್ನೊಂದಕ್ಕೆ ರಶ್ ಇರಲ್ಲ. ರಶ್ ಇಲ್ಲದಿದ್ದರೆ ರೀಲ್ಸ್ ಓಡಲ್ಲ!

ಇಷ್ಟೆಲ್ಲ ಬೈಯ್ಯುವುದಕ್ಕೆ ನನಗೇನು ಹಕ್ಕಿದೆ ಅಂದರೆ, ಇದೇ ತಪ್ಪು ನಾನೂ ಮಾಡಿದ್ದೇನೆ. 2024ರಲ್ಲಿ, ಅದೇ ಮನಿಲಾದಲ್ಲಿ. ಕುಬಾವ್‌ನಿಂದ ಕಿಯಾಪೊ ಕಡೆಗೆ ಹೋಗುವ ಜೀಪ್ನಿ, ಸಂಜೆ ಆರು ಗಂಟೆ, ಬೆನ್ನ ಮೇಲೆ 60 ಲೀಟರಿನ ಬ್ಯಾಗು. ಡ್ರೈವರ್ ಹಿಂದಿನ ಜಾಗ ಖಾಲಿ ಕಂಡಿತು, ಹೋಗಿ ಕೂತೆ. ಆ ಸೀಟಿನಲ್ಲಿ ಕೂತವರಿಗೆ ಸಂಬಳ ಇಲ್ಲದ ಕಂಡಕ್ಟರ್ ಕೆಲಸವೂ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?

ಪಕ್ಕದವರು "ಬಯಾದ್ ಪೋ" ಅಂತ ನಾಣ್ಯ ಚಾಚಿದರು. ನನಗ್ಯಾಕೆ ದುಡ್ಡು ಕೊಡುತ್ತಿದ್ದಾರೆ ಅಂತ ಗಾಬರಿಯಾಗಿ "ನೋ, ನೋ, ಥ್ಯಾಂಕ್ಯೂ" ಅಂದುಬಿಟ್ಟೆ. ಇಡೀ ಗಾಡಿ ನಕ್ಕಿತು. ಆಮೇಲೆ ತಿಳಿಯಿತು: "ಬಯಾದ್ ಪೋ" ಅಂದರೆ "ಚಾರ್ಜು ತಗೊಳ್ಳಿ" ಅಂತ. ಹಿಂದೆ ಕೂತವರ ದುಡ್ಡು ಕೈಯಿಂದ ಕೈಗೆ ದಾಟಿ ಡ್ರೈವರಿಗೆ ತಲುಪಬೇಕು. ಆಗ ಮಿನಿಮಮ್ 13 ಪೆಸೊ. ಯಾರೋ 20 ಕೊಟ್ಟರೆ 7 ಪೆಸೊ ಚಿಲ್ಲರೆ ಅದೇ ಕೈಗಳ ಮೇಲೆ ವಾಪಸ್ ಹೋಗುತ್ತೆ. ಡ್ರೈವರ್ ಬೆರಳ ಸಂದಿಯಲ್ಲಿ ಉದ್ದಕ್ಕೆ ಮಡಚಿದ ನೋಟು ಸಿಕ್ಕಿಸಿಕೊಂಡು, ಅದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾ, ಹಿಂದೆ ನೋಡದೆ ಲೆಕ್ಕ ಮಾಡುತ್ತಿದ್ದ. ನನ್ನ ಎರಡು ಕೈಯೂ ಬ್ಯಾಗನ್ನು ತಬ್ಬಿಕೊಂಡಿದ್ದವು. ಪ್ರತಿಸಲ ಒಂದು ಕೈ ಬಿಡಿಸಿಕೊಳ್ಳುವ ತನಕ ಪಾಪ ಆ ನಾಣ್ಯ ಗಾಳಿಯಲ್ಲೇ ಕಾಯುತ್ತಿತ್ತು.

ಇಸ್ತಾಂಬುಲ್‌ನಲ್ಲೂ ಇಂಥದ್ದೇ ನೋಡಿದ್ದೆ. ಬಸ್ಸು ಗಿಜಿಗಿಜಿ ಅಂದಾಗ ಹಿಂಬಾಗಿಲಿಂದ ಹತ್ತಿದವರ ಬಸ್ ಕಾರ್ಡು ಕೈಯಿಂದ ಕೈಗೆ ಮುಂದಕ್ಕೆ ಹೋಗಿ, ಮಷೀನಿಗೆ ತಾಗಿಸಿಕೊಂಡು, ಮತ್ತೆ ಹಿಂದಕ್ಕೆ ಬರುತ್ತೆ. ರಶ್ ಇರುವ ಗಾಡಿಯಲ್ಲಿ ಎಲ್ಲರಿಗೂ ಒಂದು ಕೈ ಖಾಲಿ ಇರಬೇಕು. ನಮ್ಮ ಟೂರಿಸ್ಟಿನ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಫೋನು. ನಾನಂತೂ ಜೇಬುಗಳ್ಳರ ಭಯಕ್ಕೆ ಪರ್ಸು ಬೇರೆ ಒತ್ತಿಹಿಡಿದಿದ್ದೆ, ಅಷ್ಟು ಜನ ಗುರುತಿಲ್ಲದವರ ಕೈಗೆ ತಮ್ಮ ಕಾರ್ಡು ಕೊಟ್ಟು ಸುಮ್ನೆ ನಿಂತಿದ್ದಾಗ.

ಇನ್ನೊಂದು ಉರಿ. 2017ರಲ್ಲಿ ಫಿಲಿಪೈನ್ಸ್ ಸರ್ಕಾರ ಹಳೇ ಜೀಪ್ನಿ ತೆಗೆದು ಹೊಸ ಗಾಡಿ ತರುವ ಯೋಜನೆ ಶುರು ಮಾಡಿತು. ಹೊಸ ಗಾಡಿಯನ್ನು ಸಾಲ ಮಾಡಿಯೇ ಕೊಳ್ಳಬೇಕು, ಅಷ್ಟು ಸಾಲ ತೀರಿಸಲು ಆಗಲ್ಲ ಅಂತ ಡ್ರೈವರ್‌ಗಳು ಮುಷ್ಕರ ಹೂಡಿದರು. ನಮ್ಮ ರೀಲ್ಸ್‌ನವರ ಚಿಂತೆ ಏನು ಗೊತ್ತಾ? "ಅಯ್ಯೋ, ಗಾಡಿ ಮೇಲಿನ ಆ ಬಣ್ಣ ಬಣ್ಣದ ಚಿತ್ರ ಎಲ್ಲ ಹೋಗುತ್ತಲ್ಲ!"

ಇರಲಿ, ನನ್ನ ಕಥೆ ಮುಗಿಸುತ್ತೇನೆ. ಬ್ಯಾಗು ತೊಡೆಯ ಮೇಲೆ ಅರ್ಧ, ಬೆಂಚಿನ ಮೇಲೆ ಅರ್ಧ. ನಮ್ಮ ಬದಿಯಲ್ಲಿ ಎಂಟೇ ಜನ. ಒಂಬತ್ತನೆಯವನು ಯೂನಿಫಾರ್ಮ್ ಹಾಕಿದ ಕಾಲೇಜು ಹುಡುಗ, ಹಿಂದೆ ಕಂಬಿ ಹಿಡಿದು ನೇತಾಡುತ್ತಿದ್ದ. ಮಳೆ ಹನಿ ಶುರುವಾಗಿತ್ತು. ಅವನು ಒಂದೇ ಒಂದು ಸಲ ಬ್ಯಾಗಿನ ಕಡೆ ನೋಡಿದ. ಏನೂ ಅನ್ನಲಿಲ್ಲ.

ಇಳಿಯುವ ಜಾಗ ಬಂತು. "ಪಾರಾ ಪೋ", ಅಂದರೆ ನಿಲ್ಲಿಸಿ, ಅನ್ನಬೇಕು ಅಂತ ಕಲಿತಿದ್ದೆ, ಗಂಟಲಿಂದ ದನಿಯೇ ಹೊರಡಲಿಲ್ಲ. ನನ್ನ ಒದ್ದಾಟ ನೋಡಿ ಪಕ್ಕದ ಅಜ್ಜಿ ಕೂಗಿದರು, ಆಮೇಲೆ ಇಡೀ ಸಾಲೇ ಕೂಗಿತು. ಎರಡೂ ಸಾಲಿನ ಮೊಣಕಾಲುಗಳ ನಡುವೆ ಬ್ಯಾಗು ಎಳೆಯಬೇಕಿತ್ತು. ಅದಕ್ಕೂ ಯಾರ್ಯಾರದೋ ಕೈ ಬಂದವು. ರಸ್ತೆಗೆ ಇಳಿದು, ಬ್ಯಾಗು ಹೆಗಲಿಗೇರಿಸಿ ತಿರುಗಿ ನೋಡುವಷ್ಟರಲ್ಲಿ ಆ ಹುಡುಗ ಒಳಗೆ ಸೇರಿಕೊಂಡಿದ್ದ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಹಿಂದಿನವರು ಚಾಚಿದ ನಾಣ್ಯ ಇಸ್ಕೊಂಡು ಮುಂದಕ್ಕೆ ದಾಟಿಸುತ್ತಿದ್ದ.