ಹೋಗಾಚೆ ಹಕ್ಕಿ

ಮೊನ್ನೆ ಬೆಳಗಿನ ಜಾವ ನಾಲ್ಕಕ್ಕೆ ಫೋನ್ ಬಡಿದುಕೊಂಡಿತು. ಊರು ಬಿಟ್ಟು ಇರುವವರಿಗೆ ಆ ಹೊತ್ತಿನ ಫೋನ್ ಅಂದರೆ ಎದೆ ಝಲ್ ಅನ್ನುತ್ತದೆ. ಕತ್ತಲಲ್ಲೇ ತಡಕಾಡಿ ಎತ್ತಿದೆ. ಬೆಂಗಳೂರಿನಿಂದ ಚಿಕ್ಕಮ್ಮನ ಮಗಳು. "ಟಿಕೆಟ್ ಆಯ್ತು ಕಣೇ! ಜೂನ್ ಹತ್ತಕ್ಕೆ ಬರ್ತಿದೀವಿ. ನಾಲ್ಕೇ ಜನ!" ಅಲ್ಲಿ ಆಗ ಏಳೂವರೆ. ಕಾಫಿ ಕುಡಿದು ಹುರುಪಾಗಿದ್ದಳು. ನಾವಿರುವುದು ಆಫ್ರಿಕಾದ ಬೋಟ್ಸ್ವಾನ ದೇಶದ ರಾಜಧಾನಿ ಗ್ಯಾಬರೋನಿನಲ್ಲಿ. ಇಲ್ಲಿ ಗಡಿಯಾರ ಮೂರೂವರೆ ಗಂಟೆ ಹಿಂದಿದೆ ಅಂತ ಹನ್ನೆರಡು ವರ್ಷದಿಂದ ಹೇಳುತ್ತಲೇ ಇದ್ದೇನೆ. "ಅಯ್ಯೋ, ಮಲಗಿದ್ಯಾ?" ಅಂದಳು. ಇಲ್ಲ, ರಂಗೋಲಿ ಹಾಕ್ತಿದ್ದೆ.

ಇನ್ನು ನಿದ್ದೆ ಎಲ್ಲಿಯದು. ಬೆಳಕು ಹರಿಯುವ ಹೊತ್ತಿಗೆ ಟೀ ಹಿಡಿದು ಹಿತ್ತಿಲಿಗೆ ಬಂದು ಕೂತರೆ ಮರದ ತುದಿಗೆ ಅವನೂ ಬಂದಿದ್ದ. ಮೈಯೆಲ್ಲ ಬೂದಿ ಬಣ್ಣ, ಉದ್ದ ಬಾಲ, ತಲೆಯ ಮೇಲೆ ಸೆಟೆದ ಜುಟ್ಟು. ಮೂಗಿನಲ್ಲಿ ರಾಗ ಎಳೆದು 'ಗ್ವವೇ... ಗ್ವವೇ' ಅಂತ ಕೂಗುತ್ತಾನೆ. ಅದಕ್ಕೇ ಇಂಗ್ಲಿಷಿನಲ್ಲಿ ಈ ಹಕ್ಕಿಗೆ 'ಗೋ ಅವೇ ಬರ್ಡ್' ಅಂತಲೇ ಹೆಸರು. ನಮ್ಮ ಮನೆಯಲ್ಲಿ ಅದು ಹೋಗಾಚೆ ಹಕ್ಕಿ. ಹೂವಿನ ಮೊಗ್ಗು, ಎಳೆ ಚಿಗುರು ಒಂದೂ ಬಿಡುವುದಿಲ್ಲ. ಆದರೂ ನಾನು ಓಡಿಸಿಲ್ಲ. ನಾನು ಬಾಯಿಬಿಟ್ಟು ಹೇಳಲಾಗದ್ದನ್ನು ಅವನು ಮರ ಹತ್ತಿ ಹೇಳುತ್ತಾನಲ್ಲ.

ಇಷ್ಟು ವರ್ಷ ನೆಂಟರನ್ನು ಸುಧಾರಿಸಿ ನಾನೊಂದು ಗುಟ್ಟು ಕಂಡುಕೊಂಡಿದ್ದೇನೆ. ಹೇಳುತ್ತೇನೆ, ತಡೆಯಿರಿ. ಮೊದಲು ಸ್ವೆಟರ್ ವಿಷಯ.

ಆಫ್ರಿಕಾ ಅಂದರೆ ಸೆಕೆ ಅಂತ ಎಲ್ಲರೂ ಕಾಟನ್ ಬಟ್ಟೆ ತುಂಬಿಕೊಂಡು ಬರುತ್ತಾರೆ. ಜೂನ್, ಜುಲೈ ಇಲ್ಲಿ ಚಳಿಗಾಲ, ರಾತ್ರಿ ಮೂರು ನಾಲ್ಕು ಡಿಗ್ರಿಗೆ ಇಳಿಯುವುದುಂಟು ಅಂತ ಮೊದಲೇ ಹೇಳಿರುತ್ತೇನೆ. "ಬೆಂಗಳೂರು ಚಳಿ ನೋಡಿದೀವಿ ಬಿಡೇ" ಅನ್ನುತ್ತಾರೆ. ಎರಡನೇ ದಿನ ನಮ್ಮವರ ಸ್ವೆಟರ್ ಹಾಕಿಕೊಂಡು ಓಡಾಡುತ್ತಿರುತ್ತಾರೆ. ಹೋಗುವಾಗ ಏರ್‌ಪೋರ್ಟಿನಲ್ಲಿ ಬಿಚ್ಚಿಕೊಡಿ ಅನ್ನೋಕಾಗುತ್ತಾ? ಹೀಗೆ ಮೂರು ಸ್ವೆಟರ್ ಪಾಸ್‌ಪೋರ್ಟ್ ಇಲ್ಲದೆ ಜಯನಗರ ಸೇರಿವೆ.

ನೀರಿನ ವಿಷಯ ಮಾತ್ರ ನಗುವಂಥದ್ದಲ್ಲ. ಈ ದೇಶದ ದುಡ್ಡಿನ ಹೆಸರೇ ಪುಲ, ಅಂದರೆ ಮಳೆ. ಭಾಷಣ ಮುಗಿಸುವಾಗಲೂ "ಪುಲ!" ಅಂತ ಕೂಗುತ್ತಾರೆ. 2015ರಲ್ಲಿ ಗ್ಯಾಬರೋನ್ ಅಣೆಕಟ್ಟೆ ಒಣಗಿ ತಳ ಕಂಡಿತ್ತು. ಮತ್ತೆ ತುಂಬಿದ್ದು 2017ರಲ್ಲಿ. ಅಲ್ಲಿಯವರೆಗೆ ಅಕ್ಕಿ ತೊಳೆದ ನೀರನ್ನೂ ಬಿಡದೆ ಕರಿಬೇವಿಗೆ ಹಾಕಿದವಳು ನಾನು. ಅಂಥವಳ ಮನೆಗೆ ಬಂದು, ಶವರ್ ಬಿಟ್ಟುಕೊಂಡು, ಒಳಗೆ ಎರಡು ಹಾಡು ಪೂರ್ತಿ ಹೇಳಿದರೆ ಹೊರಗೆ ನಿಂತವಳಿಗೆ ಹೇಗಾಗಬೇಡ? ಈಚೆ ಬಂದು ಟವೆಲ್ ಕೊಡವುತ್ತಾ, "ನಿಮ್ಮಲ್ಲಿ ವಜ್ರ ಸಿಗುತ್ತಂತಲ್ಲ, ಅಗ್ಗಾನಾ?" ಅಂತ ಬೇರೆ ಕೇಳುತ್ತಾರೆ. ಜ್ವಾನೆಂಗ್ ಗಣಿ ಇಲ್ಲಿಂದ ಎರಡು ಗಂಟೆ ದಾರಿ, ನಿಜ. ಕೆಜಿಎಫ್ ಗಣಿ ಇದ್ದಾಗ ಕೋಲಾರದವರು ನೆಂಟರಿಗೆಲ್ಲ ಚಿನ್ನವನ್ನು ಸೇರಿನಲ್ಲಿ ಅಳೆದು ಕೊಡ್ತಿದ್ದರಾ?

ಆದರೆ ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬಾರದು. 2023ರ ಜುಲೈನಲ್ಲಿ ದೊಡ್ಡ ಮಾವ ಬಂದಿದ್ದರು. ನಮ್ಮವರ ದೊಡ್ಡಪ್ಪ. ಆಲೂರು ಕಡೆಯವರು. ಎರಡು ಎಕರೆ ಗದ್ದೆ, ಸ್ವಲ್ಪ ಕಾಫಿ. ಸ್ವೆಟರ್, ಮಫ್ಲರ್, ಮಂಗನ ಟೋಪಿ ಎಲ್ಲ ಅವರೇ ತಂದಿದ್ದರು. ಸ್ನಾನಕ್ಕೆ ಒಂದೇ ಬಕೆಟ್ ನೀರು. ಇಂಥ ನೆಂಟರನ್ನು ಎಲ್ಲಿಗೆ ಕರೆದುಕೊಂಡು ಹೋದರೂ ಕಡಿಮೆಯೇ ಅಂತ ಚೋಬೆ ರಾಷ್ಟ್ರೀಯ ಉದ್ಯಾನಕ್ಕೆ ಹೊರಟೆವು. ಅದರ ಪಕ್ಕದ ಊರು ಕಸಾನೆ ತಲುಪಲು 900 ಕಿಲೋಮೀಟರ್‌ಗೂ ಜಾಸ್ತಿ. ರಸ್ತೆ ತುಂಬ ಕತ್ತೆಗಳು. ಹಾರ್ನ್ ಹೊಡೆದರೆ 'ಪಾಪ, ಏನೋ ಅರ್ಜೆಂಟು' ಅನ್ನುವ ಹಾಗೆ ನೋಡಿ ಅಲ್ಲೇ ನಿಲ್ಲುತ್ತವೆ. ಮಹಾಲಪೆ ಊರಿಗೆ ಮೊದಲು ಮಕರ ಸಂಕ್ರಾಂತಿ ವೃತ್ತದ ಬೋರ್ಡು ಸಿಕ್ಕಿತು. ಮಾವ ಇಳಿದು, ಎಳ್ಳು ಬೆಲ್ಲ ಇಲ್ಲವಲ್ಲ ಅಂತ ಪೇಚಾಡಿ, ಜೇಬಿನಿಂದ ನಾಲ್ಕು ಕಡಲೆಬೀಜ ತೆಗೆದು ನಮಗೂ ಹಂಚಿದರು.

ಚೋಬೆ ನದಿಯಲ್ಲಿ ದೋಣಿ. ಸಂಜೆ ನಾಲ್ಕರ ಬಿಸಿಲು. ದಡಕ್ಕೆ ಆನೆಗಳು ಇಳಿದವು. ಹತ್ತಲ್ಲ, ಇಪ್ಪತ್ತಲ್ಲ, ಮರಿಗಳ ಸಮೇತ ದಿಬ್ಬಣವೇ ಬಂದ ಹಾಗೆ. ದೋಣಿಯಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕ್ಯಾಮೆರಾ ಎತ್ತಿದರು. ಮಾವ ನಮ್ಮವರ ಕಡೆ ತಿರುಗಿ, "ಇದುನ್ನ ನೋಡಕ್ಕೆ ದುಡ್ಡು ಕೊಟ್ಟೇನ್ಲಾ ಮಗ? ನಮ್ಮ ಗದ್ದೇಗೆ ಪುಕ್ಕಟೆ ಬತ್ತವೆ" ಅಂದರು.

ನಮಗೆ ಮೊದಲೇ ಹೊಳೆಯಬೇಕಿತ್ತು. ಆಲೂರು, ಸಕಲೇಶಪುರದವರಿಗೆ ಆನೆ ತೋರಿಸಲು ಆಫ್ರಿಕಾಕ್ಕೆ ಕರೆಸುವುದೇ? ಅವರು ಆನೆ ಎಣಿಸುತ್ತಿರಲಿಲ್ಲ, ಬಾಳೆಗಿಡ ಎಣಿಸುತ್ತಿದ್ದರು. ಈ ಹಿಂಡು ನುಗ್ಗಿದರೆ ಎಷ್ಟು ಬಾಳೆ, ಎಷ್ಟು ಪೈರು ಅಂತ. ಕರ್ನಾಟಕದಲ್ಲಿ ಆ ವರ್ಷದ ಅಂದಾಜಿಗೆ 6,395 ಆನೆ. ಬೋಟ್ಸ್ವಾನದಲ್ಲಿ 1.3 ಲಕ್ಷದಷ್ಟು. ಇಲ್ಲಿನ ಲೆಕ್ಕ ಹೇಳಿದಾಗ ಮಾವ ದೋಣಿಯ ಕಂಬಿ ಹಿಡಿದುಕೊಂಡರು. ಮರುವರ್ಷ ಆಗಿನ ಅಧ್ಯಕ್ಷ ಮಸಿಸಿ, ಬೇಟೆಯ ವಿಷಯಕ್ಕೆ ಜರ್ಮನಿಯ ಮೇಲೆ ಸಿಟ್ಟಾಗಿ, ನಿಮಗೇ 20,000 ಆನೆ ಕಳಿಸ್ತೀನಿ ಅಂದರು. ಸುದ್ದಿ ನೋಡಿ ಆಲೂರಿನಿಂದ ಫೋನ್ ಬಂತು. "ಜರ್ಮನಿ ಎಲ್ಲೈತವ್ವ? ನಮಗೆ ದೂರ ತಾನೆ?"

ನದಿ ನಡುವೆ ಸೆಡುಡು ಅಂತ ಒಂದು ದ್ವೀಪ. ನೋಡಿದರೆ ಬರೀ ಹುಲ್ಲು. ಅದು ನಮ್ಮದು ಅಂತ ನಮೀಬಿಯಾ, ನಮ್ಮದು ಅಂತ ಬೋಟ್ಸ್ವಾನ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, 1999ರಲ್ಲಿ ಬೋಟ್ಸ್ವಾನ ಗೆದ್ದಿತು. ದೋಣಿಯವನು ಹೇಳಿದ್ದನ್ನು ನಮ್ಮವರು ಕನ್ನಡದಲ್ಲಿ ಒಪ್ಪಿಸಿದರು. ಮಾವ ನೆಟ್ಟಗೆ ಕೂತರು.

"ಕೇಸು ಹಾಕಿದ್ದು ಯಾವಾಗಂತೆ?"

"1996ರಲ್ಲಿ."

"ಮೂರೇ ವರ್ಷಕ್ಕೆ ತೀರ್ಪಾ!"

ಮಾವನ ಬೇಲಿ ಕೇಸು ಇಪ್ಪತ್ತೆಂಟನೇ ವರ್ಷಕ್ಕೆ ಬಿದ್ದಿತ್ತು. ಆಮೇಲೆ ಪಕ್ಕದಲ್ಲೇ ನೀರಾನೆ ಬಾಯಿ ತೆರೆದರೂ ಅವರು ತಿರುಗಿ ನೋಡಲಿಲ್ಲ.

ವಾಪಸ್ ಬರುವಾಗ ದನದ ಗೇಟು ಸಿಕ್ಕಿತು. ಉತ್ತರದ ಕಾಡೆಮ್ಮೆಗಳಿಂದ ಕಾಲುಬಾಯಿ ಜ್ವರ ದಕ್ಷಿಣದ ದನಗಳಿಗೆ ಹರಡದಿರಲಿ ಅಂತ ಇಲ್ಲಿ ನೂರಾರು ಕಿಲೋಮೀಟರ್ ಬೇಲಿ ಹಾಕಿದ್ದಾರೆ. ಹೆದ್ದಾರಿಗೆ ಬೇಲಿ ಅಡ್ಡ ಬಂದಲ್ಲೆಲ್ಲ ಗೇಟು. ಹಸಿ ಮಾಂಸ ಇದೆಯಾ ಅಂತ ನೋಡಿ, ಎಲ್ಲರನ್ನೂ ಇಳಿಸಿ, ಔಷಧಿ ನೀರಿನಲ್ಲಿ ನೆನೆಸಿದ ಚಾಪೆ ತುಳಿಸುತ್ತಾರೆ. ಡಿಕ್ಕಿಯಲ್ಲಿರುವ ಚಪ್ಪಲಿಗೂ ಬಿಡುಗಡೆ ಇಲ್ಲ. ಹಿಂದೊಮ್ಮೆ ಬೆಂಗಳೂರಿನ ನೆಂಟರೊಬ್ಬರು ಹೊಸ ಬೂಟು ಹಾಳಾಗುತ್ತೆ ಅಂತ ಅಲ್ಲೇ ಅರ್ಧ ಗಂಟೆ ವಾದ ಮಾಡಿ ನಮ್ಮ ಮಾನ ಕಳೆದಿದ್ದರು. ಹಾಗಾಗಿ ಅಳುಕುತ್ತಲೇ ವಿವರಿಸಿದೆ. "ಕಾಲುಬಾಯಿ ಜ್ವರಕ್ಕಾ?" ಅಂದವರೇ ಮಾವ ಪಂಚೆ ಎತ್ತಿ ಕಟ್ಟಿ ಚಾಪೆಯ ಮೇಲೆ ನಿಂತರು. ನಿಂತೇ ಇದ್ದರು. ಒಂದು ವರ್ಷ ಆ ಜ್ವರಕ್ಕೆ ಅವರ ಜೋಡೆತ್ತು ಗೊರಸು ಕೊಳೆತು ಉಳುಮೆಗೆ ಬಾರದ ಹಾಗಾಗಿದ್ದವಂತೆ.

ಗೇಟಿನ ಹೆಂಗಸು "ದುಮೆಲ ರ್ರಾ" ಅಂದರು. ಮಾವ ಕೈ ಮುಗಿದರು. ಆಮೇಲೆ ಆಕೆ ಇಲ್ಲಿನ ಸೆಟ್ಸ್ವಾನ ಭಾಷೆಯಲ್ಲಿ, ಇವರು ಆಲೂರು ಕನ್ನಡದಲ್ಲಿ, ನಡುವೆ ಕೈಸನ್ನೆ. ಗೊರಸು, ನಾಲಿಗೆ, ಜೊಲ್ಲು ಎಲ್ಲ ಬಂದು ಹೋದವು. ಆಕೆಯ ಮನೆಯಲ್ಲಿ ಹದಿನಾಲ್ಕು ದನ ಇವೆ ಅಂತ ಮಾವನಿಗೆ ಹೇಗೆ ತಿಳಿಯಿತೋ ಕಾಣೆ. ಕಾರು ಹತ್ತಿದ ಮೇಲೆ, "ದನ ಸಾಕದು ಅಂದ್ರೆ ಇದು ಕಣವ್ವ. ಏನು ಭಕ್ತಿ!" ಅಂದರು. ಇಷ್ಟೆಲ್ಲ ಮಾಡುವುದು ಯುರೋಪಿಗೆ ದನದ ಮಾಂಸ ಮಾರಲು ತೊಂದರೆ ಆಗದಿರಲಿ ಅಂತ ನಾನು ಹೇಳಲಿಲ್ಲ. ಸುಮ್ನೆ ಕಿಟಕಿ ಕಡೆ ತಿರುಗಿ ಕತ್ತೆ ನೋಡಿದೆ.

ಈಗಲೂ ಫೋನ್ ಮಾಡಿದರೆ ಚೋಬೆ ಸುದ್ದಿ ಎತ್ತುವುದಿಲ್ಲ. "ಆ ಗೇಟಿನವ್ವ ಚೆನ್ನಾಗೈತಾ?" ಅಂತ ಕೇಳುತ್ತಾರೆ. ಅವರೊಬ್ಬರೇ, ಇಲ್ಲಿನ ಹೊತ್ತು ಲೆಕ್ಕ ಹಾಕಿ ಫೋನ್ ಮಾಡುವವರು.

ಗುಟ್ಟು ಅಂದೆನಲ್ಲ, ಅದು ಏನಪ್ಪಾ ಅಂದರೆ... ತಡೆಯಿರಿ, ಚಿಕ್ಕಮ್ಮನ ಮಗಳದ್ದು ಮೆಸೇಜು. "ಸಿಂಹ ಗ್ಯಾರಂಟಿ ಸಿಗುತ್ತೆ ತಾನೆ? ಬೆಚ್ಚನೆ ಬಟ್ಟೆ ಏನೂ ಬೇಡ ಅಲ್ವಾ?"

ಮರದ ಮೇಲಿಂದ 'ಗ್ವವೇ' ಅಂತ ಕೇಳಿಸಿತು. ನಾನು ಎದ್ದು ಒಳಗೆ ಹೋಗಿ, ನಮ್ಮವರಿಗೆ ಉಳಿದಿರುವ ಒಂದೇ ಸ್ವೆಟರನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟು ಬಂದೆ.