ಮಗನ ಮನೆ ಅಡುಗೆಯವಳಿಗೆ ನಾನು ಮಾಡಿದ ಫೋನು

ಸಿರ್ಸಿಯಲ್ಲಿ ನಿನ್ನೆ ಬಿಡದೆ ಮಳೆ. ಕರೆಂಟ್ ಹೋಗುವುದರೊಳಗೆ ಮುಗಿಸೋಣ ಅಂತ ‘ಚೈಲ್ಡ್ಸ್ ಪೋಸ್’ ನೋಡಲು ಕೂತೆ. 2013ರಲ್ಲಿ ಬರ್ಲಿನ್ ಚಿತ್ರೋತ್ಸವದ ಗೋಲ್ಡನ್ ಬೇರ್ ಪಡೆದ ರುಮೇನಿಯಾದ ಸಿನಿಮಾ. ಯೋಗದ ಬಾಲಾಸನ ಗೊತ್ತಲ್ಲ, ಮೊಣಕಾಲು ಮಡಚಿ ಹಣೆ ನೆಲಕ್ಕೆ ತಾಗಿಸುವುದು? ಅದೇ ಹೆಸರು. ಮೂವತ್ತು ದಾಟಿದ ಮಗನನ್ನು ತಾಯಿ ಹಾಗೇ ಮಡಚಿ ಇಟ್ಟಿದ್ದಾಳೆ.

ಬುಕಾರೆಸ್ಟಿನ ಸಿರಿವಂತೆ ಕೊರ್ನೆಲಿಯಾ. ಮಗ ಬಾರ್ಬು ಜೋರಾಗಿ ಕಾರು ಓಡಿಸಿ ಒಬ್ಬ ಹುಡುಗನ ಜೀವ ತೆಗೆಯುತ್ತಾನೆ. ಇವಳು ತುಪ್ಪಳದ ಕೋಟು ತೊಟ್ಟು ಸ್ಟೇಷನ್ನಿಗೆ ನುಗ್ಗುತ್ತಾಳೆ, ಮಗನ ಹೇಳಿಕೆಯನ್ನೇ ಬದಲಾಯಿಸಲು ನೋಡುತ್ತಾಳೆ. ಪರಿಚಯ, ದುಡ್ಡು, ಶಿಫಾರಸು. ಇದೆಲ್ಲ ನಮಗೇನು ಹೊಸದಲ್ಲ ಬಿಡಿ.

ನನಗೆ ಚುಚ್ಚಿದ್ದು ಅಪಘಾತಕ್ಕೂ ಮೊದಲಿನ ಒಂದು ದೃಶ್ಯ. ಅವಳ ಮನೆ ಕೆಲಸದವಳೇ ಮಗನ ಮನೆಗೂ ಹೋಗುತ್ತಾಳೆ. ಅವಳನ್ನು ಮಾತಿಗೆಳೆದು, ಏನೂ ಗೊತ್ತಿಲ್ಲದವಳ ಹಾಗೆ ಮಗನ ಸುದ್ದಿ ಕೆದಕುತ್ತಾಳೆ.

ನಾನೂ ಇದನ್ನೇ ಮಾಡಿದ್ದೆ. ಹೋದ ವರ್ಷ ಬೆಂಗಳೂರಿನ ಮಗನ ಮನೆ ಅಡುಗೆಯವಳ ನಂಬರು ಇಸ್ಕೊಂಡೆ. ‘ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸ್ತೇನೆ, ನೀನೂ ಒಂದಿಷ್ಟು ತಗೋ’ ಅಂತ ಶುರು. ಆಮೇಲೆ ಮೆಲ್ಲಗೆ, ರಾತ್ರಿ ಎಷ್ಟು ಹೊತ್ತಿಗೆ ಬರ್ತಾನೆ? ಮನೆಗೆ ಯಾರ್ಯಾರು ಬರ್ತಾರೆ? ಮಗನಿಗೆ 31 ವರ್ಷ! ಗೊತ್ತಾದಾಗ ಅವನು ಕೂಗಾಡಲಿಲ್ಲ. ‘ಆಯಿ, ನನ್ನ ಹತ್ರಾನೇ ಕೇಳ್ಬಹುದಿತ್ತಲ’ ಅಂದ. ಆಮೇಲೆ ಒಂದು ತಿಂಗಳು ತಾನಾಗಿ ಫೋನ್ ಮಾಡಲಿಲ್ಲ. ಉಪ್ಪಿನಕಾಯಿ ಭರಣಿ ಮಾತ್ರ ಖಾಲಿಯಾಗಿ ವಾಪಸ್ ಬಂತು.

ಲುಮಿನಿತ್ಸಾ ಗೆಯೋರ್ಗಿಯು ತಾಯಿಯ ಪಾತ್ರದಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾಳೆ ಅಂದರೆ ಸಿಟ್ಟು ಮಾಡಲಿಕ್ಕೂ ಆಗುವುದಿಲ್ಲ. ಪೆಟ್ಟಾದ ಮಗನ ಬೆನ್ನಿಗೆ ಮುಲಾಮು ತಿಕ್ಕುತ್ತಾಳೆ, ತಿಕ್ಕುತ್ತಲೇ ಇರುತ್ತಾಳೆ. ನೋಡುವ ನಮಗೆ ಮುಜುಗರ, ಅವಳಿಗೆ ಅದರ ಪರಿವೆಯೇ ಇಲ್ಲ. ಕೊನೆಗೆ ಸತ್ತ ಹುಡುಗನ ಮನೆಗೆ ಹೋಗಿ, ಅವನ ಅಪ್ಪ ಅಮ್ಮನ ಎದುರು ಅಳುತ್ತಾ ತನ್ನ ಮಗನ ಗುಣ ಹೇಳಲು ಶುರು ಮಾಡುತ್ತಾಳೆ. ಆ ಹೊತ್ತಲ್ಲಿ ಯಾರಾದರೂ ಹಾಗೆ ಮಾತಾಡ್ತಾರಾ? ಮಾತಾಡ್ತಾರೆ. ನಾನೂ ಮಾತಾಡ್ತಿದ್ದೆನೇನೋ.

ಮಗ ಆ ಮನೆಯೊಳಗೆ ಹೋಗುವುದಿಲ್ಲ, ಕಾರಿನಲ್ಲೇ ಇರುತ್ತಾನೆ. ತಾಯಿ ವಾಪಸ್ ಬಂದ ಮೇಲೆ, ಬಾಗಿಲ ಲಾಕ್ ತೆಗಿ ಅನ್ನುತ್ತಾನೆ. ಇಷ್ಟು ಹೊತ್ತು ಅವನು ತಾನಾಗಿ ಮಾಡಿದ್ದು ಅದೊಂದೇ ಅನ್ನಿಸಿತು ನನಗೆ. ಇಳಿದು ಆ ತಂದೆಯ ಹತ್ತಿರ ಹೋಗುತ್ತಾನೆ. ತಾಯಿ ಕಾರಿನಲ್ಲೇ ಉಳಿಯುತ್ತಾಳೆ. ಕನ್ನಡಿಯಲ್ಲಿ ಇಬ್ಬರೂ ಕಾಣುತ್ತಾರೆ. ಮಾತು ಕೇಳಿಸುವುದಿಲ್ಲ.

ಏನು ಮಾತಾಡಿದರು ಅಂತ ನನಗೆ ಈಗಲೂ ತಿಳಿಯಬೇಕು ಅನ್ನಿಸ್ತಿದೆ.